ಕೊಡಲಿಯ ಹಿಡಿ

ಭಾವ ಬೀಸಿದ ಕೊಡಲಿಯ ಮೊದಲ ಏಟಿಗೇ ಮರ ಕಡೆಯುವ ಯಂತ್ರದ ಹಲಗೆ ಸೀಳಿತು. ಚಕ್ಕೆಯೊಂದು ಹಾರಿ ಬಂದು ಬಡಗಿಗಳ ಮನೆಯ ಕಿರಿಸೊಸೆಯ ಹಣೆ ಕೊಯ್ದಿತು.

"ಭಾವ, ನಿಲ್ಲಿಸಿ! ನಾಡಿದ್ದು ಇನ್ನೂರು ಕುರ್ಚಿ ಕಾಲು ಕೊಡಬೇಕು. ನೀವೂ ಇವರೂ ಇಬ್ಬರೇ ಕೈಯಲ್ಲಿ ಕಡೆಯುತ್ತಾ ಕೂತರೆ ವರ್ಷ ಹಿಡಿಯುತ್ತೆ, ನಾನು ಈ ಯಂತ್ರದಲ್ಲಿ ಕಡೆದರೆ ಮುಗಿಯುತ್ತೆ. ಈ ಕೆಲಸ ತಪ್ಪಿದರೆ ಅಂಗಡಿಗೆ ಬೀಗವೇ."

"ಬೀಗ ಬೀಳಲಿ! ಹೆಂಗಸು ಮುಟ್ಟಿದ ಹತಾರ ಹಿಡಿದರೆ ಗಂಡಸಿನ ಕೈ ಸತ್ತುಹೋಗುತ್ತೆ ಅಂತ ಅಪ್ಪ ಬಡ್ಕೊಂಡಿದ್ದು ಸುಮ್ಮನೇನೇ?"

ಎರಡನೇ ಏಟಿಗೆ ಚಕ್ರ ಬಾಗಿತು. ಅವಳ ಗಂಡ ಮೂಲೆಯಲ್ಲಿ ಬೆಪ್ಪನಂತೆ ನಿಂತಿದ್ದ. ಕೊಡಲಿ ಮೂರನೇ ಸಲ ಮೇಲೇರಿದಾಗ ಬಾಗಿಲಲ್ಲಿದ್ದ ಅತ್ತೆ ಬಾಯಿಬಿಟ್ಟಳು: "ಹಾಗಾದ್ರೆ ನಿನ್ನ ಕೈ ಸತ್ತು ವರ್ಷವಾಯ್ತು ಕಣೋ. ಆ ಕೊಡಲಿ ಹಿಡಿ ಕಡೆದವಳು ಅವಳೇ."

ಭಾವ ಕೆಂಡ ಮುಟ್ಟಿದವನಂತೆ ಕೊಡಲಿ ಬಿಸುಟ. ಸುತ್ತಿಗೆಗೆ ಕೈ ಚಾಚಿದವನು ತಾಯಿಯ ಮುಖ ನೋಡಿ ಹಿಂದೆಳೆದುಕೊಂಡ. ಗರಗಸ ನೋಡಿದ, ಬಾಚಿ ನೋಡಿದ. ಎಲ್ಲದರ ಹಿಡಿಯಲ್ಲೂ ಆ ಕೊಡಲಿ ಹಿಡಿಯದೇ ನುಣುಪು. ಕೊನೆಗೆ ಬರಿಗೈಯಲ್ಲೇ ಯಂತ್ರವನ್ನು ಗುದ್ದತೊಡಗಿದ. ಗೆಣ್ಣು ಒಡೆದು ರಕ್ತ ಚಿಮ್ಮಿತು. ಯಂತ್ರ ಮಾತ್ರ ಮಿಸುಕಲಿಲ್ಲ.