ಹಾಲಿನ ಸಾಲಿನ ಸಹಿ

ನನ್ನ ಮೈಕ್ ಸೆಟ್ಟಿಗೆ ಸಮ ಇಡೀ ನಂದಗುಡಿ ಹೋಬಳಿಯಲ್ಲೇ ಇಲ್ಲ. ಇಲ್ಲಿ ನಾನು ಕೆಮ್ಮಿದರೆ ಅಲ್ಲಿ ಹೊಸಕೋಟೆ ಕೆರೆಯ ಕೊಕ್ಕರೆ ಹಾರಿಹೋಗಬೇಕು. ಅಂಥ ಮೈಕಿನಲ್ಲಿ ಮೂರು ಸಲ ಕೂಗಿದೆ: "ಗ್ರಾಮಸಭೆ ಶುರುವಾಗ್ತಾ ಐತೆ, ಎಲ್ರೂ ಬನ್ರಪ್ಪೋ!" ಬಂದವಳು ಗಂಗಲಕ್ಷ್ಮಮ್ಮ ಒಬ್ಬಳೇ. ಸಾವಿರ ಕುರ್ಚಿ ಹಾಕಿದ್ದೆ. ಹೋಗಲಿ, ಅರವತ್ತು ಅಂತಿಟ್ಟುಕೊಳ್ಳಿ. ಮುದುಕಿ ಮೊದಲ ಸಾಲಿನಲ್ಲಿ ಸೆರಗು ಹೊದ್ದು ಕೂತಳು.

ಪಂಚಾಯಿತಿ ಕಾರ್ಯದರ್ಶಿ ಜಯಕುಮಾರ್ ತಲೆ ಎತ್ತದೆ ಓದಿದರು: "ಊರಿನ ಗೋಮಾಳ ಆರು ಎಕರೆಯನ್ನು ಗೋದಾಮಿನ ಲಾರಿ ನಿಲ್ಲಿಸಲು ಕೊಡುವುದು. ಹಾಜರಿ ನೂರ ನಲವತ್ತಮೂರು. ಸರ್ವಾನುಮತದಿಂದ..."

"ತಡಿ ಸ್ವಾಮಿ. ನೂರ ನಲವತ್ತಮೂರು ಜನ ಎಲ್ಲವ್ರೆ?"

"ಸಹಿ ಇದೆಯಲ್ಲಮ್ಮ!"

ಇತ್ತು. ಬೆಳಿಗ್ಗೆ ಡೇರಿಯ ಸಾಲಿನಲ್ಲೇ ಸಭೆಯ ಹಾಜರಿ ಪುಸ್ತಕ ತಿರುಗಿತ್ತು. ಹಾಲು ಹಾಕು, ಸಹಿ ಹಾಕು, ಕ್ಯಾನು ಎತ್ಕೊಂಡು ಹೋಗು. ಏನು, ಎತ್ತ ಅಂತ ಒಬ್ಬರೂ ಕೇಳಲಿಲ್ಲ. ಗಂಗಲಕ್ಷ್ಮಮ್ಮನ ಹಸು ಸತ್ತು ಮೂರು ತಿಂಗಳು. ಹಾಲಿಲ್ಲದವಳಿಗೆ ಡೇರಿಯಲ್ಲೇನು ಕೆಲಸ? ಅದಕ್ಕೇ ಸಭೆಗೆ ಬಂದಿದ್ದಳು.

ಎದ್ದು ಬಂದವಳೇ ನನ್ನ ಕೈಯಿಂದ ಮೈಕು ಇಸ್ಕೊಂಡಳು. ಖಾಲಿ ಕುರ್ಚಿಗಳ ಕಡೆ ತಿರುಗಿದಳು.

"ನಂಗೆ ಅಂಗೈಯಗಲ ಹೊಲ ಇಲ್ಲ ಕಣ್ರಪ್ಪಾ. ಗೋಮಾಳ ಇದ್ರೆ ಇನ್ನೊಂದು ಹಸ ಕಟ್ಕತೀನಿ. ಹಾಲು ಕೊಡ್ಲಿ ಬಿಡ್ಲಿ, ಮನೇಲಿ ಮಾತಾಡ್ಸಕೆ ಒಂದು ಜೀವ ಇರ್ತದೆ." ಆಮೇಲೆ ಕಾರ್ಯದರ್ಶಿಗೆ ಹೇಳಿದಳು: "ಇಲ್ಲಿ ಕೂತಿರೋಳು ನಾನೊಬ್ಳೆ. ನಾನು ಬ್ಯಾಡ ಅಂತೀನಿ. ಸರ್ವಾನುಮತದಿಂದ ಬ್ಯಾಡ ಅಂತ ಬರ್ಕೊ."

ಜಯಕುಮಾರ್ ನಕ್ಕರು. "ಆಯ್ತು, ಒಬ್ಬರ ವಿರೋಧ ಅಂತ ಬರ್ಕೋತೀನಿ ಬಿಡಮ್ಮ."

ಅವಳ ದನಿ ಹಾರ್ನಿನಿಂದ ಹೊರಟು, ರಾಗಿ ಹೊಲ ದಾಟಿ, ಕೋಲಾರದ ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಸುಳ್ಳಲ್ಲ. ಊರಲ್ಲಿ ಮಾತ್ರ ಒಂದು ಬಾಗಿಲೂ ತೆರೆಯಲಿಲ್ಲ.

ಅವಳು ಮೈಕನ್ನು ನನ್ನ ಕೈಗಿಟ್ಟಳು.

"ನೀನಾದ್ರೂ ಇದೀಯಲ್ಲಪ್ಪ ಕೆಂಪರಾಜು. ಇಬ್ರಾದ್ವಿ. ಬ್ಯಾಡ ಅಂತ ನೀನೂ ಒಂದು ಮಾತು ಹೇಳು."

ಕಾರ್ಯದರ್ಶಿ ಪೆನ್ನು ಹಿಡಿದು ನನ್ನನ್ನೇ ನೋಡಿದರು. ಅವರ ಮುಂದೆ ಪುಸ್ತಕ ತೆರೆದಿತ್ತು. ಅದರಲ್ಲಿ ಒಂಬತ್ತನೇ ಸಹಿ ನನ್ನದು.

ಮೈಕು ಆನ್ ಇತ್ತು. ಬಾಯಿಗೆ ಹಿಡಿದೆ.

"ಹಲೋ... ಹಲೋ... ಮೈಕ್ ಟೆಸ್ಟಿಂಗ್," ಅಂದೆ.