ಕಂಟೇನರ್ ತಟ್ಟಿದ ಕೈ

ಇದನ್ನು ಓದುತ್ತಾ ನಗು ಬಂದರೆ ನಕ್ಕುಬಿಡಿ... ಕೇಳಿದಾಗ ನನಗೂ ಮೊದಲು ನಗುವೇ ಬಂದಿತ್ತು.

ಹುಬ್ಬಳ್ಳಿಯ ಫಕ್ಕೀರೇಶ ಹನ್ನೊಂದು ವರ್ಷ ಒಂದು ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಕಾರು ಸಾಗಿಸುವ ಲಾರಿ ಓಡಿಸಿದವನು. ಈಗ ಸ್ವಂತಕ್ಕೆ ಒಂದು ಸಣ್ಣ ಕಂಟೇನರ್ ಗಾಡಿ ತಗೊಂಡಿದ್ದ. ಒಂದು ಸಲಕ್ಕೆ ಒಂದೇ ಕಾರು.

ಗಾಡಿಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆಸಿದ್ದ... "ಒಬ್ಬನೇ ಸಾಕು".

ಹೊಸ ಗಾಡಿಯ ಪೂಜೆಯ ದಿನ ಖಾಸೀಂ ಕಾಕಾ ಬಂದಿದ್ದರು. ಫಕ್ಕೀರೇಶನಿಗೆ ಕಾರು ಹತ್ತಿಸುವುದನ್ನು ಕಲಿಸಿದ ಹಳೆಯ ಡ್ರೈವರ್. ಕಂಪನಿ ಬಿಟ್ಟ ಮೇಲೆ ಲಾರಿ ಸ್ಟ್ಯಾಂಡಿನಲ್ಲಿ ಬದಲಿ ಡ್ರೈವರ್ ಆಗಿದ್ದರು.

"ತಮ್ಮಾ, ನಿನ್ನ ಜೋಡಿ ನಾನೂ ಬರ್ತೀನೋ..."

"ಕಾಕಾ, ಮಾಲೀಕ ನಾನ, ಡ್ರೈವರ್ ನಾನ, ಕ್ಲೀನರ್ ನಾನ. ಇನ್ನೊಬ್ಬರಿಗೆ ಜಾಗಾ ಎಲ್ಲೈತ್ರಿ?" ಎಂದು ನಕ್ಕುಬಿಟ್ಟ.

ಕಾಕಾ ಪೇಢೆ ಬಾಯಿಗೆ ಹಾಕಿಕೊಂಡು ಹೋದರು. ಮತ್ತೆ ಕೇಳಲಿಲ್ಲ.

ಮೊದಲ ಬಾಡಿಗೆ ಸಿಕ್ಕಿದ್ದು ಒಬ್ಬ ನಿವೃತ್ತ ಟೀಚರಮ್ಮನಿಂದ. ತೀರಿಹೋದ ಗಂಡನ ಕಾರನ್ನು ಕಾರವಾರಕ್ಕೆ, ತಂಗಿಯ ಮನೆಗೆ ಮುಟ್ಟಿಸಬೇಕಿತ್ತು.

ಕಾರಿನ ಹಿಂದಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಕೈಯಾರೆ ಬರೆದ ಒಂದೇ ಪದವಿತ್ತು... "ಸಾವಕಾಶ".

"ಅವರ ಕೈಬರಹಾರಿ. ಅದಕ್ಕೊಂದು ಗೀರು ಬೀಳಬಾರದು..." ಎಂದು ಆಕೆ ಗಾಜನ್ನು ಸೆರಗಿನಿಂದ ಒರೆಸಿದರು.

"ನೀವೇನೂ ಚಿಂತಿ ಮಾಡಬ್ಯಾಡ್ರಿ ಅಮ್ಮಾರ. ನನ್ನ ಮಾತು ಅಂದ್ರ ಮಾತು."

ಅವರ ಓಣಿಗೆ ಲಾರಿ ನುಗ್ಗುವಂತಿರಲಿಲ್ಲ. ಎರಡು ವರ್ಷ ನಿಂತ ಕಾರಿಗೆ ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿ, ಸ್ಟ್ಯಾಂಡಿನವರೆಗೆ ತಾನೇ ಓಡಿಸಿಕೊಂಡು ಬಂದ. ಧೂಳು ಬಾರದಿರಲೆಂದು ಗಾಜು ಏರಿಸಿಕೊಂಡಿದ್ದ.

ಏಪ್ರಿಲ್ ಮಧ್ಯಾಹ್ನ. ಲಾರಿಯ ಹಿಂದಿನಿಂದ ನೆಲಕ್ಕೆ ಹಲಗೆ ಇಳಿಸಿ, ಕಾರನ್ನು ನಾಜೂಕಾಗಿ ಒಳಗೆ ಹತ್ತಿಸಿ, ಚಕ್ರಗಳನ್ನು ಕಂಟೇನರ್ ನೆಲದ ತಗ್ಗಿನಲ್ಲಿ ಕೂರಿಸಿ ಇಂಜಿನ್ ಆಫ್ ಮಾಡಿದ...

ಆಗ ನೆನಪಾಯಿತು.

ಸಣ್ಣ ಕಂಟೇನರಿನೊಳಗೆ ಕಾರಿನ ಬಾಗಿಲು ಪೂರಾ ತೆರೆಯುವುದಿಲ್ಲ. ಡ್ರೈವರ್ ಕಿಟಕಿಯಿಂದಲೇ ನುಸುಳಿ, ಕಾರಿನ ಮೇಲೆ ಹತ್ತಿ ಹೊರಬರಬೇಕು. ಅದಕ್ಕೇ ಹತ್ತಿಸುವ ಮೊದಲು ಗಾಜು ಇಳಿಸಬೇಕು. ಇದು ಈ ಕಸುಬಿನ ಮೊದಲ ಪಾಠ.

ಗಾಜಿನ ಬಟನ್ ಒತ್ತಿದ. ಊಹೂಂ. ಕೀ ತಿರುಗಿಸಿದ... ಟಕ್ ಎಂದಿತು, ಅಷ್ಟೆ. ಬ್ಯಾಟರಿ ಕೈಕೊಟ್ಟಿತ್ತು. ಹಾರ್ನ್ ಕೂಡ ಇಲ್ಲ.

ಬಾಗಿಲು ನಾಲ್ಕು ಬೆರಳು ತೆರೆದು ತಗಡಿಗೆ ತಾಗಿತು. ಆಚೆ ಕಡೆಯೂ ಅಷ್ಟೇ. ಫೋನ್ ಲಾರಿಯ ಕ್ಯಾಬಿನ್ನಿನಲ್ಲಿ.

ಹಿಂದಿನ ಗಾಜು ಒದ್ದು ಒಡೆದರೆ ಹೊರಗೆ ಬರಬಹುದಿತ್ತು. ತಿರುಗಿ ನೋಡಿದ... "ಸಾವಕಾಶ" ಒಳಗಿನಿಂದ ಉಲ್ಟಾ ಕಾಣುತ್ತಿತ್ತು. ಕಾಲು ಏಳಲಿಲ್ಲ.

ಹೊರಗೆ ಯಾರೋ ಮಾತಾಡುತ್ತಾ ಹೋದರು. ಸ್ಟ್ಯಾಂಡಿನ ಡ್ರೈವರುಗಳೇ. ಒಂದು ಕೂಗು ಹಾಕಿದ್ದರೆ ಸಾಕಿತ್ತು...

ಫಕ್ಕೀರೇಶ ಬಾಯಿ ಮುಚ್ಚಿಕೊಂಡೇ ಕೂತ!

ಹೇಗೆ ಕೂಗುವುದು? ಮೊದಲ ದಿನ, ಮೊದಲ ಕಾರು, ಮಾಡಿದ್ದು ಹೊಸಬರು ಮಾಡುವ ತಪ್ಪು. ಮೇಲಾಗಿ ಗಾಡಿಯ ಹಿಂದೆ ಬರೆಸಿದ್ದು ಏನು? ಹುಬ್ಬಳ್ಳಿ ಸ್ಟ್ಯಾಂಡಿನವರು ವರ್ಷಗಟ್ಟಲೆ ಆಡಿಕೊಂಡು ನಗುತ್ತಾರೆ.

ತಗಡು ಹಂಚಿನಂತೆ ಕಾಯಿತು. ಅಂಗಿ ಒದ್ದೆಯಾಗಿ ಸೀಟಿಗೆ ಅಂಟಿತು. ಅರ್ಧ ತಾಸು... ಮುಕ್ಕಾಲು ತಾಸು...

ಮತ್ತೆ ಹೆಜ್ಜೆ ಸಪ್ಪಳ ಬಂತು. ಮತ್ತೆ ಸುಮ್ಮನಿದ್ದ.

ಮೂರನೇ ಸಲ ಕೂಗಬೇಕೆಂದೇ ಬಾಯಿ ತೆರೆದ. ಗಂಟಲು ಒಣಗಿ ದನಿಯೇ ಹೊರಡಲಿಲ್ಲ. ಹೆಜ್ಜೆಗಳು ದೂರ ಹೋದವು. ಆಗ ಅವನಿಗೆ ನಿಜಕ್ಕೂ ಭಯವಾಯಿತು. ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತ.

ಧಡ್... ಧಡ್...

ಯಾರೋ ಕಂಟೇನರಿನ ತಗಡಿಗೆ ಎರಡು ಏಟು ಹಾಕಿದ್ದರು.

"ಹೊರಗ ಬಂದಿಯೇನೋ ತಮ್ಮಾ?"

ಕಂಪನಿಯಲ್ಲಿದ್ದಾಗ ಪ್ರತಿ ಕಾರು ಹತ್ತಿಸಿದಾಗಲೂ ಕೇಳಿದ್ದ ಮಾತು ಅದು. ಯಾರೇ ಕಾರು ಹತ್ತಿಸಲಿ, ಕಾಕಾ ಹಿಂದೆ ನಿಂತು ಎರಡು ಸಲ ತಟ್ಟಿ ಕೇಳುತ್ತಿದ್ದರು. ಉತ್ತರ ಬರುವವರೆಗೆ ಜಾಗ ಬಿಡುತ್ತಿರಲಿಲ್ಲ. ಹುಡುಗರೆಲ್ಲ ಅದನ್ನು ಮುದುಕನ ಚಟ ಎಂದು ತಮಾಷೆ ಮಾಡುತ್ತಿದ್ದರು.

ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಫಕ್ಕೀರೇಶ ಹೇಳಿದ... "ಇಲ್ರೀ ಕಾಕಾ... ಒಳಗ ಸಿಕ್ಕೊಂಡೀನಿ."

ಕಾಕಾ ಬೈಯಲಿಲ್ಲ, ನಗಲಿಲ್ಲ. ಮೇಲಿನಿಂದ ಬಗ್ಗಿ ಕಾರಿನ ಬಾಗಿಲ ಸಂದಿನಿಂದ ನೀರಿನ ಬಾಟಲಿ ತೂರಿಸಿದರು. ಆರು ಮಂದಿಯನ್ನು ಕರೆದು, ಕಾರಿಗೆ ಹಗ್ಗ ಕಟ್ಟಿಸಿ, "ಸಾವಕಾಶ... ಸಾವಕಾಶ..." ಎನ್ನುತ್ತಾ ಹಿಂದಕ್ಕೆ ಎಳೆಸಿದರು.

ಕಾರು ನೆಲಕ್ಕಿಳಿಯಿತು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ.

"ನಿಮಗ ಹ್ಯಾಂಗ ಗೊತ್ತಾತ್ರಿ?"

"ಚಾ ಅಂಗಡಿಯಾಗ ಕುಂತಿದ್ದೆ. ಭಾಳ ಹೊತ್ತಿನಿಂದ ಹಲಗಿ ಇಳದಾವು, ಮನಿಷ್ಯಾ ಇಲ್ಲ..." ಎಂದು ಕಾಕಾ ಅವನ ಪಕ್ಕ ಕುಳಿತರು. "ಹರೇದಾಗ ನಾನೂ ಹಿಂಗ ಸಿಕ್ಕೊಂಡಿದ್ದೆ. ನಾಚಿಕೀಗೆ ಕೂಗಲಿಲ್ಲ. ಮೂರು ತಾಸಿಗೆ ಎಚ್ಚರ ತಪ್ಪಿತ್ತು. ಯಾರೋ ಪುಣ್ಯಾತ್ಮ ಬಂದು ತಗಡು ಬಡಿದ. ಅವತ್ತಿನಿಂದ ನಾನೂ ಬಡೀತೀನಿ."

ಬಾಟಲಿಯನ್ನು ಮತ್ತೆ ಅವನ ಕೈಗಿಟ್ಟು ಹೇಳಿದರು...

"ಅವತ್ತು ನಾ ನಿನಗ ಕೆಲಸಾ ಕೇಳಲಿಲ್ಲೋ ತಮ್ಮಾ. ತಗಡು ಬಡಿಯಾಕ ಹಿಂದ ಒಬ್ಬರು ಇರ್ಲಿ ಅಂತ ಬಂದಿದ್ದೆ."

ಫಕ್ಕೀರೇಶ ಆ ಒರಟು ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡ.

ಮತ್ತೆ ಕಾರು ಹತ್ತಿಸಿದ, ಈ ಸಲ ಹೊಸ ಬ್ಯಾಟರಿ ಹಾಕಿ, ಗಾಜು ಇಳಿಸಿ. ಹಿಂದಿನಿಂದ ಎರಡು ಏಟು ಬಿದ್ದವು. "ಬಂದೆ ಕಾಕಾ!" ಎನ್ನುತ್ತಾ ಕಿಟಕಿಯಿಂದ ನುಸುಳಿ ಹೊರಬಂದ.

ಆಮೇಲೆ ಕ್ಯಾಬಿನ್ನಿನ ಎಡಗಡೆ ಸೀಟಿನ ಮೇಲೆ ಹರಡಿದ್ದ ಹಗ್ಗ, ಟಾರ್ಪಾಲು ಎಲ್ಲ ತೆಗೆದು ಹಿಂದಕ್ಕೆ ಹಾಕಿದ.

"ಹತ್ರಿ ಕಾಕಾ... ಜಾಗಾ ಐತಿ."

*

ಒಬ್ಬನೇ ದುಡಿಯುವುದು ಹೆಮ್ಮೆ... ಸಿಕ್ಕಿಕೊಂಡಾಗಲೂ ಕೂಗದಿರುವುದು ಹೆಮ್ಮೆಯಲ್ಲ, ಅದೇ ಬೀಗ.

ನಿಮ್ಮ ಬಾಗಿಲು ತಟ್ಟಿ "ಹೊರಗೆ ಬಂದೆಯಾ?" ಎಂದು ಕೊನೆಯ ಬಾರಿ ಕೇಳಿದವರು ಯಾರು... ಅವರಿಗೆ ನೀವು ನಿಜ ಹೇಳಿದಿರಾ?