ಸುಮ್ಮನೆ ಕೂತಿದ್ದ ಎಡಗಾಲು

“ನೋಡಿ, ಎಲ್ಲಿ ನಡುಗ್ತಿದೆ? ಇವಳು ಓಡಿಸಿದಾಗ ಮಾತ್ರ ಇದಕ್ಕೆ ಚಳಿಜ್ವರ!” ಕಾರು ಓಡಿಸುತ್ತಿದ್ದ ಗಂಡ ಪಕ್ಕದಲ್ಲಿದ್ದ ಮೆಕ್ಯಾನಿಕ್‌ಗೆ ಹೇಳಿದ. ಹೆದ್ದಾರಿಯಲ್ಲಿ ಕಾರು ನಿಜಕ್ಕೂ ಸರಾಗವಾಗಿ ಹೋಗುತ್ತಿತ್ತು. ತಪ್ಪು ತನ್ನದೇ ಎಂದಾದರೆ ಕೀ ಇನ್ನು ಅವನ ಜೇಬು ಬಿಟ್ಟು ಹೊರಬರುವುದಿಲ್ಲ ಎಂದು ಹಿಂದಿನ ಸೀಟಿನಲ್ಲಿದ್ದ ಹೆಂಡತಿಗೆ ಗೊತ್ತಿತ್ತು. ತನ್ನ ಕೈಯಲ್ಲೇ ಏನೋ ದೋಷವಿರಬೇಕೆಂದು ಅವಳಿಗೂ ಅನ್ನಿಸತೊಡಗಿತ್ತು.

ಅವಳು ಸೀಟುಗಳ ನಡುವೆ ಬಗ್ಗಿ ನೋಡಿದಳು. ವರ್ಷಗಟ್ಟಲೆ ಕ್ಲಚ್ ತುಳಿದು ಪಳಗಿದ್ದ ಗಂಡನ ಎಡಗಾಲಿಗೆ ಈ ಆಟೊಮ್ಯಾಟಿಕ್ ಕಾರಿನಲ್ಲಿ ಕೆಲಸವಿರಲಿಲ್ಲ. ಅದು ಬ್ರೇಕಿನ ಮೇಲೆ ಹಾಯಾಗಿ ಕೂತಿತ್ತು.

“ರೀ, ಆ ಎಡಗಾಲು ತೆಗೀರಿ.”

“ಅದೇನು ಮಾಡ್ತು ನಿಂಗೆ?”

“ತೆಗೀರಿ ಸಾರ್,” ಎಂದ ಮೆಕ್ಯಾನಿಕ್. “ಬ್ರೇಕ್ ಚೂರು ಮುಟ್ಟಿದ್ರೂ ಗೇರ್‌ಬಾಕ್ಸ್ ಒಳಗೆ ತಾನಾಗೇ ಹಿಡಿಯೋ ಕನ್ವರ್ಟರ್ ಕ್ಲಚ್ ಹಿಡ್ಕೊಳ್ಳಲ್ಲ. ಅದು ಸವೆದಿದ್ರೆ, ಹಿಡ್ಕೊಳ್ಳೋಕೆ ಹೋದಾಗ ತಾನೇ ಜಾರಿ ಕಾರು ನಡುಗೋದು?”

ಗಂಡ ಕಾಲೆತ್ತಿದ. ಸ್ವಲ್ಪ ಹೊತ್ತಿಗೆ ಸ್ಟಿಯರಿಂಗ್, ಸೀಟು, ಅವನ ಗಲ್ಲ ಎಲ್ಲವೂ ಗಡಗಡ ನಡುಗಿದವು. ಅವನು ಮೆಲ್ಲಗೆ ಕಾಲನ್ನು ಮತ್ತೆ ಬ್ರೇಕಿನ ಮೇಲಿಟ್ಟ. ನಡುಕ ನಿಂತಿತು.

“ನೋಡಿದ್ರಾ, ಸರಿಹೋಯ್ತು!” ಎಂದ.

ಮೆಕ್ಯಾನಿಕ್ ಕಿಟಕಿಯ ಕಡೆ ತಿರುಗಿ ನಗು ನುಂಗಿದ. ಅವಳು ನುಂಗಲಿಲ್ಲ. “ಪಕ್ಕಕ್ಕೆ ನಿಲ್ಲಿಸಿ ಇಳೀರಿ,” ಎಂದಳು. “ಗ್ಯಾರೇಜಿಗೆ ನಾನು ಓಡಿಸ್ತೀನಿ. ನಡುಗಿದ್ರೆ ನಡುಗ್ಲಿ.”